ಗುರುಮಲ್ಲಪ್ಪನವರು ಕನಸಿನೊಳಗೆ ಎಚ್ಚರಾದದ್ದು

2003ನೇ ಇಸವಿ. ಆಗ ನಾನು ಮೈಸೂರಿನ ನಜರ್‌ಬಾದ್‌ನಲ್ಲಿದ್ದ ಒಂದು ಟ್ರಸ್ಟ್ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೆ. ಹದಿನಾಲ್ಕು ವರ್ಷದ ಸರ್ವೀಸು ಮುಗಿದಿತ್ತು. ನನ್ನ ಕೆಲಸ ಏನು ಅನ್ನುವುದು ನಮ್ಮ ಅಮ್ಮನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. "ನಮ್ಮ ಹುಡುಗಿ ಆಸ್ಪತ್ರೇಲವಳೆ, ಆದ್ರೆ ಸೂಜಿ ಚುಚ್ಚಕಿಲ್ಲ, ಮಾತ್ರೆ ಕೊಡಕಿಲ್ಲ, ಬರೀ ಮಾತಾಡ್ತಳೆ" ಎಂದು ಬೀದಿಯವರಿಗೆಲ್ಲ ಹೇಳುತ್ತಿದ್ದಳು. ಸರಿಯಾಗಿಯೇ ಹೇಳುತ್ತಿದ್ದಳು. ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್. ಪರೀಕ್ಷೆ, ಆಪ್ತಸಮಾಲೋಚನೆ, ನಡವಳಿಕೆಯ ತರಬೇತಿ ಇವು ನನ್ನ ಪಾಲಿನವು. ಮಾತಿನಿಂದ ಏನೂ ಕೆಡುವುದಿಲ್ಲ, ಕೆಟ್ಟರೆ ಮಾತ್ರೆಯಿಂದ ಕೆಡಬಹುದು ಎಂಬ ಧೈರ್ಯ ಆಗ ನನಗಿತ್ತು. ಆ ಧೈರ್ಯವನ್ನು ಕಳೆದ ಕೇಸಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಾಯಿಸಿದ್ದೇನೆ.

ಆ ವರ್ಷದ ಜುಲೈ ತಿಂಗಳಲ್ಲಿ ಗುರುಮಲ್ಲಪ್ಪನವರು ನನ್ನ ಕೋಣೆಗೆ ಬಂದರು. ವಯಸ್ಸು ನಲವತ್ತಮೂರು. ನಂಜನಗೂಡಿನ ಕಡೆಯವರು, ಮೇಟಗಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದರು. ಪವರ್ ಪ್ರೆಸ್ ಅಂದರೆ ತಗಡನ್ನು ಒಂದೇ ಏಟಿಗೆ ಒತ್ತಿ ಕತ್ತರಿಸುವ ಯಂತ್ರ. ತೂಕಡಿಸಿದರೆ ಬೆರಳು ಹೋಗುತ್ತದೆ. ಅವರಿಗೆ ಯಾವಾಗಲೂ ರಾತ್ರಿ ಪಾಳಿ. ಬೆಳಿಗ್ಗೆ ಏಳೂವರೆಗೆ ಮನೆಗೆ ಬಂದು, ಸ್ನಾನ ಪೂಜೆ ಮುಗಿಸಿ, ಎಂಟೂವರೆಗೆ ಮಲಗಿ ಮಧ್ಯಾಹ್ನ ಏಳುವುದು ಹದಿನೈದು ವರ್ಷದ ರೂಢಿ. ಈಗ ನಿದ್ದೆಯೇ ಇರಲಿಲ್ಲ. ಒಂದೇ ತಿಂಗಳಲ್ಲಿ ಎರಡು ಸಲ ಯಂತ್ರದ ಮುಂದೆ ತೂಕಡಿಸಿ, ಪಕ್ಕದವರು ಎಳೆದದ್ದರಿಂದ ಕೈ ಉಳಿದಿತ್ತು. "ನಿದ್ದೆ ಸರಿಮಾಡಿಸಿಕೊಂಡು ಬನ್ನಿ, ಅಲ್ಲಿವರೆಗೆ ಪ್ರೆಸ್ ಮುಟ್ಟಬೇಡಿ" ಎಂದು ಕಾರ್ಖಾನೆಯವರು ಚೀಟಿ ಕೊಟ್ಟು ಕಳಿಸಿದ್ದರು. ಜೊತೆಯಲ್ಲಿ ಹೆಂಡತಿ ರಾಜಮ್ಮ ಬಂದಿದ್ದರು. ಮನೆಯಲ್ಲೇ ಕೂತು ಊದಿನಕಡ್ಡಿ ಹೊಸೆಯುವ ಕೆಲಸ ಅವರದು. ಬೆರಳ ತುದಿಗಳೆಲ್ಲ ಕಪ್ಪಗಿದ್ದವು.

ಮಾತಾಡಿದ್ದೆಲ್ಲ ರಾಜಮ್ಮನೇ. "ಮಲಗಿ ಎರಡು ಗಂಟೆ ಆಗಕಿಲ್ಲ ಮೇಡಂ, ಚಿಟಾರ್ ಅಂತ ಕಿರುಚ್ಕೊಂಡು ಎದ್ದು ಕೂತ್ಕತ್ತರೆ. ಮೈಯೆಲ್ಲ ನೀರು. ಅಕ್ಕಪಕ್ಕದೋರು ಓಡಿ ಬತ್ತರೆ. ಈಗ ಮಲಗಕ್ಕೇ ಎದುರ್ಕತ್ತರೆ."

ಗುರುಮಲ್ಲಪ್ಪನವರು ನೆಲ ನೋಡುತ್ತ ಕೂತಿದ್ದರು. ನಿಮಗೆ ಏನಾಗಬೇಕು, ನೀವು ಹೇಳಿ ಎಂದೆ. "ಕೆಲಸಕ್ಕೆ ತೊಂದರೆ ಆಗ್ಬಾರ್ದು ಮೇಡಂ" ಅಂದರು. ಕೇಸ್ ಶೀಟಿನಲ್ಲಿ ಅದನ್ನು ಹಾಗೆಯೇ ಬರೆದುಕೊಂಡೆ. ಕನಸು ನಿಲ್ಲಬೇಕು ಎಂದು ಅವರು ಹೇಳಲಿಲ್ಲ. ಆ ದಿನ ಮಾತ್ರವಲ್ಲ, ಮುಂದೆಯೂ ಒಂದು ದಿನವೂ ಹೇಳಲಿಲ್ಲ. ಅದು ನನ್ನ ಗಮನಕ್ಕೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಕನಸಿನ ಮೂಲ ತಿಳಿಯಲು ಕಷ್ಟವೇನೂ ಇರಲಿಲ್ಲ. ದಂಪತಿಗೆ ಒಬ್ಬಳೇ ಮಗಳು, ದಾಕ್ಷಾಯಿಣಿ, ಒಂಬತ್ತು ವರ್ಷ. ಮನೆಯಲ್ಲಿ ದಾಕ್ಷಿ. ಹಿಂದಿನ ವರ್ಷ ಏಪ್ರಿಲ್‌ನಲ್ಲಿ, ಬೇಸಿಗೆ ರಜೆಯಲ್ಲಿ, ರಾಜಮ್ಮ ಹೊಸೆದ ಕಡ್ಡಿಗಳನ್ನು ಕೊಟ್ಟುಬರಲು ಹೋಗಿದ್ದರು. ತಂದೆ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದರು. ಮಗಳಿಗೆ ಜಡೆ ಹಾಕುವುದು ಆ ಮನೆಯಲ್ಲಿ ಅಪ್ಪನ ಕೆಲಸ. ಕಡ್ಡಿ ಮಸಿಯ ಕೈ ಅಂತ ಅಮ್ಮನನ್ನು ಅವಳು ತಲೆ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಆ ದಿನ ಹತ್ತು ಗಂಟೆಗೆ ರಿಬ್ಬನ್ ಹಿಡಿದು ಬಂದು ಅಪ್ಪನನ್ನು ಎಬ್ಬಿಸಿದಳು. ಅವರು ಏಳಲಿಲ್ಲ. ಅವಳು ಕೆದರಿದ ಕೂದಲಲ್ಲೇ ಆಡಲು ಹೋದಳು. ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ನೀರು ತುಂಬಿದ ಸಂಪಿನ ಮೇಲೆ ಬರೀ ಒಂದು ತಗಡು ಮುಚ್ಚಿದ್ದರು. ರಾಜಮ್ಮ ಬಂದು ಹುಡುಕಿದಾಗ ಹನ್ನೊಂದೂವರೆ. ಗುರುಮಲ್ಲಪ್ಪನವರು ಇನ್ನೂ ನಿದ್ದೆಯಲ್ಲಿದ್ದರು.

ಕನಸು ಯಾವಾಗಲೂ ಒಂದೇ. ದಾಕ್ಷಿ ತಲೆದೆಸೆಯಲ್ಲಿ ನಿಂತಿರುತ್ತಾಳೆ. ಹಳದಿ ಫ್ರಾಕು, ಕೈಯಲ್ಲಿ ರಿಬ್ಬನ್ನು. "ಅಪ್ಪಾ ಏಳಪ್ಪ, ಜಡೆ ಹಾಕು" ಅನ್ನುತ್ತಾಳೆ. ಇವರಿಗೆ ಏಳಬೇಕು ಅಂತ ಗೊತ್ತು, ಮೈ ಏಳುವುದಿಲ್ಲ. ಅವಳ ಕೂದಲಿಂದ ನೀರು ಸುರಿಯಲು ಶುರುವಾಗುತ್ತದೆ. ಅಲ್ಲಿಗೆ ಕಿರುಚು.

ನಮ್ಮ ವಿಭಾಗದ ಮುಖ್ಯಸ್ಥರು ನಿದ್ದೆಯ ಮಾತ್ರೆ ಬರೆದರು. ಅದರಿಂದ ನಿದ್ದೆ ಬಂತು, ಜೊತೆಗೆ ಕನಸೂ ಬಂತು, ಏಳುವುದು ಮಾತ್ರ ಇನ್ನೂ ಕಷ್ಟವಾಯಿತು. ಪ್ರೆಸ್ ಬಿಡಿಸಿ ಬೇರೆ ಕೆಲಸಕ್ಕೆ ಹಾಕಿದ್ದರೂ ರಾತ್ರಿ ಪಾಳಿಯಲ್ಲಿ ಅಮಲು ಇಳಿಯುತ್ತಿರಲಿಲ್ಲ. ಎರಡನೇ ವಾರ ಮಾತ್ರೆ ನಿಲ್ಲಿಸಿ, "ಇನ್ನು ನಿಮ್ಮ ಕೈಲಿ ಏನಾಗುತ್ತೋ ನೋಡಿ" ಎಂದು ಕೇಸು ನನಗೆ ಒಪ್ಪಿಸಿದರು.

ನನ್ನ ಕೈಯಲ್ಲಿ ಆಗ ಒಂದು ಹೊಸ ಆಯುಧವಿತ್ತು. ಮೈಸೂರಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬಂದಿದ್ದ ವಿದೇಶಿ ಹೆಣ್ಣುಮಗಳೊಬ್ಬಳು ನಿದ್ದೆ ಬಾರದೆ ನಮ್ಮಲ್ಲಿಗೆ ಬರುತ್ತಿದ್ದಳು. ಊರಿಗೆ ಹೊರಡುವಾಗ ಲೂಸಿಡ್ ಡ್ರೀಮಿಂಗ್ ಬಗೆಗಿನ ಒಂದು ಪುಸ್ತಕವನ್ನು ನನಗೆ ಕೊಟ್ಟುಹೋಗಿದ್ದಳು. ಲೂಸಿಡ್ ಡ್ರೀಮ್ ಅಂದರೆ, ಕನಸು ನಡೆಯುತ್ತಿರುವಾಗಲೇ "ಇದು ಕನಸು" ಎಂದು ಕನಸು ಕಾಣುವವನಿಗೆ ತಿಳಿದಿರುವುದು. ಮೈ ಮಲಗಿರುತ್ತದೆ, ಅರಿವು ಎದ್ದಿರುತ್ತದೆ. ಒಮ್ಮೆ ತಿಳಿದುಬಿಟ್ಟರೆ ಕನಸಿನಲ್ಲಿ ನಮಗೆ ಬೇಕಾದದ್ದನ್ನು ಮಾಡಲು ಸಾಧ್ಯ; ಓಡಬಹುದು, ಎದುರು ನಿಲ್ಲಬಹುದು. ದುಃಸ್ವಪ್ನದಿಂದ ನರಳುವವರಿಗೆ ಇದನ್ನು ಕಲಿಸಬಹುದು ಎಂದು ಆ ಪುಸ್ತಕ ಹೇಳುತ್ತಿತ್ತು. ನಾನು ರಾತ್ರಿಯೆಲ್ಲ ಓದಿ ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿದ್ದೆ. ಯಾರಾದರೂ ಒಬ್ಬರು ಸಿಗಲಿ ಎಂದು ಕಾಯುತ್ತಿದ್ದೆ. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಕಲಿಕೆಯಲ್ಲಿ ಎರಡು ಭಾಗ. ಮೊದಲನೆಯದು ಕನಸನ್ನು ನೆನಪಿಟ್ಟುಕೊಳ್ಳುವುದು. ಎಚ್ಚರವಾದ ತಕ್ಷಣ ಕೈಕಾಲು ಆಡಿಸಬಾರದು, ಕಣ್ಣು ಬಿಡಬಾರದು. ಕನಸಿನ ಕೊನೆಯಿಂದ ಹಿಂದಕ್ಕೆ ಒಂದೊಂದೇ ಎಳೆ ಹಿಡಿದು ಹೋಗಬೇಕು. ಎದ್ದು ಮುಖ ತೊಳೆದರೆ ಅರ್ಧ ಹೋಯಿತು, ಕಾಫಿ ಕುಡಿದರೆ ಪೂರ್ತಿ ಹೋಯಿತು. ಸಾಮಾನ್ಯವಾಗಿ ರೋಗಿಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಇಲ್ಲಿ ರಾಜಮ್ಮ, "ಅವ್ರು ಕಣ್ಮುಚ್ಕಂಡು ಹೇಳ್ಲಿ, ನಾನು ಬರ್ಕತ್ತೀನಿ ಬುಡಿ" ಅಂದರು. ಏಳನೇ ಕ್ಲಾಸು ಓದಿದ್ದ ಹೆಂಗಸು. ದುಂಡಗಿನ ಅಕ್ಷರ.

ಎರಡನೆಯದು, ದಿನಕ್ಕೆ ಹತ್ತಾರು ಸಲ ನಿಂತು ತನ್ನ ಅಂಗೈ ನೋಡಿಕೊಂಡು, "ಇದು ಎಚ್ಚರವೋ, ಕನಸೋ" ಎಂದು ಕೇಳಿಕೊಳ್ಳುವುದು. ಎಚ್ಚರದಲ್ಲಿ ಅಂಗೈ ಸ್ಥಿರವಾಗಿರುತ್ತದೆ. ಕನಸಿನಲ್ಲಿ ನೋಡಿದರೆ ಗೆರೆಗಳು ಅಲುಗುತ್ತವೆ, ಬೆರಳುಗಳ ಲೆಕ್ಕ ತಪ್ಪುತ್ತದೆ. ಅಭ್ಯಾಸ ಮೈಗೆ ಹತ್ತಿದರೆ ಕನಸಿನಲ್ಲೂ ಕೈ ನೋಡಿಕೊಳ್ಳುತ್ತಾರೆ, ಆಗ ಗುಟ್ಟು ಬಯಲಾಗುತ್ತದೆ.

ಇದನ್ನು ಹೇಳುತ್ತಿದ್ದಂತೆ ಗುರುಮಲ್ಲಪ್ಪನವರು ಮೊದಲ ಸಲ ತಲೆ ಎತ್ತಿದರು. "ಎಡಗೈ ಆದ್ರೆ ದಿನಾ ನೋಡ್ತೀನಲ್ಲ ಮೇಡಂ. ಲಿಂಗಪೂಜೇಲಿ."

ನನಗೆ ಅದು ಹೊಳೆದಿರಲೇ ಇಲ್ಲ. ನಮ್ಮದು ಬೌದ್ಧರ ಮನೆ. ಗೋಡೆಯ ಮೇಲೆ ಬುದ್ಧನ ಒಂದು ಪಟ, ಅಷ್ಟೇ. ಅವರು ಷರ್ಟಿನ ಒಳಗಿಂದ ಲಿಂಗವಿಡುವ ಕರಡಿಗೆ ತೆಗೆದು ತೋರಿಸಿದರು. ದಿನಕ್ಕೆ ಎರಡು ಸಲ, ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು, ರೆಪ್ಪೆ ಮಿಟುಕಿಸದೆ ಅದನ್ನೇ ದಿಟ್ಟಿಸುವುದು. ಏಳನೇ ವಯಸ್ಸಿನಿಂದ ಮಾಡುತ್ತ ಬಂದವರು. ಅಂಗೈಯಲ್ಲಿ ಲಿಂಗ ಇಲ್ಲದಿದ್ದಾಗಲೂ ಅದರ ರೂಪವನ್ನು ಅಲ್ಲಿ ನಿಲ್ಲಿಸಿಕೊಳ್ಳಬಲ್ಲವರು. ಪುಸ್ತಕದಲ್ಲಿ ಬೇರೆಯವರು ಆರು ತಿಂಗಳು ತಿಣುಕುವ ಏಕಾಗ್ರತೆ ಇವರಿಗೆ ಮನೆಯಲ್ಲೇ ಬಂದಿತ್ತು. ಆದರೂ ಪೂಜೆಯನ್ನು ಚಿಕಿತ್ಸೆಗೆ ಬಳಸಬಹುದೇ ಎಂದು ನನಗೆ ಅಳುಕು. ಅವರೇ ಮಠಕ್ಕೆ ಹೋಗಿ ಸ್ವಾಮಿಗಳನ್ನು ಕೇಳಿಕೊಂಡು ಬಂದರು. "ಎಚ್ಚರ ತಪ್ಪದೆ ಇರ್ಲಿ ಅಂತ್ಲೇ ಅಲ್ವೇನಯ್ಯ ಲಿಂಗ ಕೊಟ್ಟಿರೋದು, ಮಾಡೋಗು ಅಂದ್ರು ಬುದ್ಧಿಯೋರು."

ಆಗಸ್ಟ್ ಮೊದಲ ವಾರ ಶುರುಮಾಡಿದೆವು. ಎಡ ಅಂಗೈ ಮುಖದ ಹತ್ತಿರ ಬರುವಂತೆ ಇಟ್ಟುಕೊಂಡು ಮಲಗಬೇಕು. ನಿದ್ದೆಗೆ ಜಾರುವಾಗ "ದಾಕ್ಷಿ ಬಂದರೆ ಕೈ ನೋಡ್ಕೋತೀನಿ" ಎಂದು ಹೇಳಿಕೊಳ್ಳಬೇಕು. ಪ್ರತಿ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಇಬ್ಬರೂ ನೋಟ್‌ಬುಕ್ ತರಬೇಕು.

ಮೂರು ಗುರುವಾರ ಏನೂ ಆಗಲಿಲ್ಲ. ನಾಲ್ಕನೆಯ ಗುರುವಾರ ಅವರು ಎರಡೂವರೆಗೇ ಬಂದು ಬಾಗಿಲ ಹೊರಗೆ ಕೂತಿದ್ದರು. ನಾನು ಊಟದ ಡಬ್ಬಿ ಮುಚ್ಚಿ ಒಳಗೆ ಕರೆದೆ.

"ಕೈ ನೋಡ್ಕಂಡೆ ಮೇಡಂ. ಗೆರೆಯೆಲ್ಲ ನೀರು ಹರ್ದಂಗೆ ಹರೀತಿತ್ತು. ಲಿಂಗ ನೆನೆಸ್ಕಂಡೆ, ನಿಲ್ಲಲಿಲ್ಲ. ಓಹೋ, ಇದು ಕನ್ಸು ಅಂತ ಗೊತ್ತಾಗೋಯ್ತು. ಗೊತ್ತಾಗಿದ್ದೇ ತಡ, ಮೈಯಿ ಹಗುರಾಗೋಯ್ತು. ಎದ್ದು ಕೂತ್ಕಂಡೆ. ಎದ್ದು ಕೂತ್ಕಂಡೆ ಮೇಡಂ!"

 ಹದಿನಾರು ತಿಂಗಳಿಂದ ಏಳಲಾಗದವರು ಎದ್ದಿದ್ದರು. ಎದ್ದು ಏನು ಮಾಡಿದಿರಿ ಎಂದೆ. ಅವಳು ರಿಬ್ಬನ್ ಕೊಟ್ಟಳು, ಇಸಕೊಂಡೆ, ಅಷ್ಟರಲ್ಲಿ ಎಚ್ಚರವಾಯಿತು ಅಂದರು. ಕಿರುಚಲಿಲ್ಲ. ನಾನು ಕುರ್ಚಿಯಿಂದ ಎದ್ದು ಅವರ ಕೈ ಕುಲುಕಿದೆ. ನಮ್ಮಲ್ಲಿ ಹಾಗೆಲ್ಲ ಮಾಡುವುದಿಲ್ಲ. ಮಾಡಿಬಿಟ್ಟೆ.

ಆಮೇಲಿನ ಐದು ವಾರಗಳಲ್ಲಿ ಏಳು ಸಲ ಆ ಕನಸು ಬಂತು. ಪ್ರತಿ ಸಲವೂ ಅವರು ಕನಸಿನೊಳಗೆ ಎಚ್ಚರಾಗಿ, ಎದ್ದು ಕೂತು, ಮಗಳಿಗೆ ಜಡೆ ಹಾಕಿದರು. ಕೂದಲು ಒಣಗಿತ್ತು. ನೀರು ಸುರಿಯಲಿಲ್ಲ. ನೋಟ್‌ಬುಕ್ಕಿನಲ್ಲಿ ರಾಜಮ್ಮನ ಬರಹ ಉದ್ದವಾಗುತ್ತ ಹೋಯಿತು. ಇವತ್ತು ಹಸಿರು ಲಂಗ. ಇವತ್ತು ಹಲ್ಲು ಅಲುಗಾಡುತ್ತಿದೆ ಎಂದು ತೋರಿಸಿದಳು. ಇವತ್ತು ಎರಡು ಜಡೆ ಬೇಡ, ಒಂದೇ ಸಾಕು ಅಂದಳು. ಗಂಡ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು, ರಾಜಮ್ಮ ನಡುನಡುವೆ ಕೇಳುತ್ತಿದ್ದರು: ಬಳೆ ಹಾಕ್ಕಂಡಿದ್ಲಾ? ಸಣ್ಣ ಆಗವಳಾ? ಈ ಪ್ರಶ್ನೆಗಳನ್ನೂ ಆಯಮ್ಮ ಬರೆದಿದ್ದರು. ನಿದ್ದೆ ಆರು ಗಂಟೆಗೆ ಏರಿತು. ಸೆಪ್ಟೆಂಬರ್ ಕೊನೆಗೆ ಕಾರ್ಖಾನೆಯವರು ಮತ್ತೆ ಪ್ರೆಸ್ ಮೇಲೆ ಹಾಕಿಕೊಂಡರು.

ಇಲ್ಲಿಗೆ ನಾನು ನಿಲ್ಲಿಸಬೇಕಿತ್ತು. ನಮ್ಮ ಮುಖ್ಯಸ್ಥರೂ ಅದನ್ನೇ ಹೇಳಿದರು: "ನಿದ್ದೆ ಬರ್ತಿದೆ, ಕೆಲಸ ನಡೀತಿದೆ. ಇಷ್ಟಕ್ಕೆ ಬಿಟ್ಟುಬಿಡಿ ಕಣ್ರೀ."

ನಾನು ಬಿಡಲಿಲ್ಲ. ನನಗೂ ಕಾರಣವಿತ್ತು, ಇಲ್ಲವೆನ್ನುವುದಿಲ್ಲ. ವಾರದ ರಜೆಯ ದಿನ ಗುರುಮಲ್ಲಪ್ಪನವರು ಹತ್ತು ಹನ್ನೊಂದು ಗಂಟೆ ಮಲಗಲು ಶುರುಮಾಡಿದ್ದರು. ನೆಂಟರ ಮನೆ ಮದುವೆಗೆ ಹೋಗಲಿಲ್ಲ, ಮಲಗಿದರು. ಮಗಳು ಇರುವುದು ನಿದ್ದೆಯಲ್ಲಿ ಎಂದು ತೀರ್ಮಾನಿಸಿದವರಂತೆ ಇದ್ದರು. ಇದು ಹೀಗೇ ಬೆಳೆದರೆ ಬದುಕು ಹಾಸಿಗೆಗೆ ಸೇರಿಬಿಡುತ್ತದೆ ಎಂದು ನನಗೆ ಭಯವಾಯಿತು. ಆ ಭಯ ಪ್ರಾಮಾಣಿಕವಾದದ್ದು. ಅದರ ಪಕ್ಕದಲ್ಲೇ ಇನ್ನೊಂದು ಇತ್ತು: ಕೇಸು ಅಚ್ಚುಕಟ್ಟಾಗಿ ಮುಗಿಯಬೇಕು, ನವೆಂಬರಿನಲ್ಲಿ ಆಸ್ಪತ್ರೆಯ ಸಭೆಯಲ್ಲಿ ನಾನು ಅದನ್ನು ಮಂಡಿಸಬೇಕು. ಶೋಕದ ಚಿಕಿತ್ಸೆಯಲ್ಲಿ ವಿದಾಯ ಹೇಳಿಸುವುದು ಎಂಬ ಒಂದು ಹಂತವಿದೆ. ಸತ್ತವರಿಗೆ ಪತ್ರ ಬರೆಸುತ್ತೇವೆ, ಖಾಲಿ ಕುರ್ಚಿಯ ಮುಂದೆ ಮಾತಾಡಿಸುತ್ತೇವೆ. ಇಲ್ಲಿ ಪತ್ರವೇಕೆ, ಕುರ್ಚಿಯೇಕೆ? ಮಗುವೇ ಎದುರು ಬರುತ್ತದೆ, ತಂದೆ ಕನಸಿನೊಳಗೆ ಎಚ್ಚರಾಗಿರುತ್ತಾರೆ. ಅಲ್ಲೇ ಹೇಳಿಸಿದರಾಯಿತು.

ದಸರಾ ಮುಗಿದ ವಾರ, ಗುರುವಾರ, ಅವರಿಗೆ ವಿವರಿಸಿದೆ. ಜಡೆ ಹಾಕಿ ಮುಗಿಸಿ. ರಿಬ್ಬನ್ ಕಟ್ಟಿ. ಆಮೇಲೆ ಅವಳ ಮುಖ ನೋಡಿ, "ನಾನು ಚೆನ್ನಾಗಿರ್ತೀನಿ, ನೀನು ಹೋಗು" ಅಂತ ಹೇಳಿ.

 ಅವರ ಬೆರಳು ಷರ್ಟಿನ ಗುಂಡಿಯ ಮೇಲೆ ಆಡುತ್ತಿತ್ತು. ಆಮೇಲೆ, "ಹೋಗಿ ಬಾ ಅಂದ್ರೆ ಆಗಕಿಲ್ವಾ ಮೇಡಂ?" ಎಂದು ಕೇಳಿದರು.

ನಮ್ಮಲ್ಲಿ ಯಾರು ತಾನೇ ಮನೆ ಬಿಟ್ಟು ಹೊರಡುವವರಿಗೆ ಬರೀ ಹೋಗು ಅನ್ನುತ್ತಾರೆ? ಅಂಗಡಿಗೆ ಹೋಗುವ ಮಗುವಿಗೂ ಹೋಗಿ ಬಾ ಎನ್ನುತ್ತೇವೆ. ಬೀಗರು ಜಗಳವಾಡಿಕೊಂಡು ಹೊರಟರೂ ಬಾಗಿಲಲ್ಲಿ ನಿಂತು ಹೋಗಿ ಬನ್ನಿ ಎನ್ನುತ್ತೇವೆ. ಬರೀ ಹೋಗು ಅನ್ನುವುದು ಸಿಟ್ಟಿನಲ್ಲಿ, ಇಲ್ಲವೇ ನಾಯಿಗೆ. ನಾನೂ ಇದೇ ನೆಲದಲ್ಲಿ ಹುಟ್ಟಿ ಬೆಳೆದವಳು, ನನಗೆ ಇದು ಗೊತ್ತಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಬೇಡ ಅಂದೆ. "ಬಾ ಅಂದ್ರೆ ನಿಮ್ಮ ಮನಸ್ಸು ಕಾಯ್ತಾನೇ ಇರುತ್ತೆ ಗುರುಮಲ್ಲಪ್ಪನೋರೇ. ಹೋಗು ಅಂತಲೇ ಹೇಳ್ಬೇಕು. ಅದೇ ಟ್ರೀಟ್‌ಮೆಂಟು."

ಟ್ರೀಟ್‌ಮೆಂಟು ಎಂಬ ಮಾತಿಗೆ ಅವರು ಎದುರಾಡುವವರಲ್ಲ. ಆಗಲಿ ಅಂದರು. ರಾಜಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

ಅಕ್ಟೋಬರ್ ಮೂರನೇ ವಾರದ ನೋಟ್‌ಬುಕ್ ಪುಟ ನನಗೆ ಬಾಯಿಪಾಠ. "ಬಂದಳು. ಕೈ ನೋಡಿಕೊಂಡೆ. ಎದ್ದೆ. ಜಡೆ ಹಾಕಿದೆ. ಮೇಡಂ ಹೇಳಿದಂಗೆ ಹೇಳಿದೆ. ತಿರುಗಿ ನೋಡಿದಳು. ಹೋದಳು." ಅವತ್ತು ರಾಜಮ್ಮ ಪ್ರಶ್ನೆ ಕೇಳಿರಲಿಲ್ಲ.

ಮರುವಾರ ಕನಸಿಲ್ಲ. ಅದರ ಮರುವಾರವೂ ಇಲ್ಲ. ನಿದ್ದೆ ಏಳು ಗಂಟೆ, ಕಿರುಚಾಟವಿಲ್ಲ. ನಾನು ಬೀಗಿಹೋದೆ. ನವೆಂಬರಿನ ಸಭೆಯಲ್ಲಿ ಓವರ್‌ಹೆಡ್ ಪ್ರೊಜೆಕ್ಟರ್‌ನಲ್ಲಿ ಗ್ರಾಫ್ ಹಾಕಿ ತೋರಿಸಿದೆ: ಕೆಟ್ಟ ಕನಸಿನ ಗೆರೆ ಇಳಿಯುತ್ತ ಇಳಿಯುತ್ತ ಸೊನ್ನೆ ಮುಟ್ಟಿತ್ತು. ಚಪ್ಪಾಳೆ ಬಿತ್ತು. ಕೇಸ್ ಶೀಟಿನಲ್ಲಿ "ಗುಣವಾಗಿದೆ" ಎಂದು ಬರೆದು ಅವರನ್ನು ಕಳಿಸಿಕೊಟ್ಟೆ.

2004ರ ಫೆಬ್ರವರಿಯಲ್ಲಿ ಅವರು ಹೇಳಿ ಕಳಿಸದೆ ಬಂದರು. ಒಬ್ಬರೇ ಬಂದಿದ್ದರು. ನಾನು ನಗುತ್ತಲೇ, ಹೇಗಿದೆ ನಿದ್ದೆ ಎಂದೆ.

"ನಿದ್ದೆ ಚೆನ್ನಾಗದೆ ಮೇಡಂ. ಅವಳು ಬತ್ತಿಲ್ಲ."

ನನ್ನ ನಗು ಮುಖದಲ್ಲೇ ಉಳಿಯಿತು, ಇಳಿಸುವುದು ಹೇಗೆಂದು ತಿಳಿಯಲಿಲ್ಲ. ಅವರು ಹೇಳುತ್ತ ಹೋದರು. ಕನಸುಗಳು ಬರುತ್ತವೆ. ಕೈ ನೋಡಿಕೊಳ್ಳುವ ಅಭ್ಯಾಸವೂ ಹೋಗಿಲ್ಲ. ಇದು ಕನಸು ಎಂದು ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ಎದ್ದು ಅವಳನ್ನು ಹುಡುಕುತ್ತಾರೆ. ಎರಡು ಕೋಣೆ, ಅಡುಗೆಮನೆ, ಬಚ್ಚಲು, ಹಿತ್ತಲು. ಬೀದಿಗೆ ಇಳಿದು ಹೆಸರು ಹಿಡಿದು ಕೂಗುತ್ತಾರೆ. ಕನಸಿನ ಬೀದಿಯಲ್ಲಿ ಬೇರೆಯವರ ಮಕ್ಕಳೆಲ್ಲ ಆಡುತ್ತಿರುತ್ತಾರೆ. ಅವಳಿಲ್ಲ. "ಸಂಪಿನ ತಾವಕ್ಕೂ ಹೋಗಿ ನೋಡ್ದೆ ಮೇಡಂ. ಅಲ್ಲೂ ಇಲ್ಲ."

ಬೇರೆಯವರು ಕನಸಿನಲ್ಲಿ ಕಳೆದುಕೊಂಡರೆ ಎದ್ದ ಮೇಲೆ ಮರೆಯುತ್ತಾರೆ. ಇವರಿಗೆ ಮರೆಯದಂತೆ ನಾನೇ ಕಲಿಸಿದ್ದೆ. ಒಂದೊಂದು ಹುಡುಕಾಟವೂ ನೋಟ್‌ಬುಕ್ಕಿನಲ್ಲಿತ್ತು.

"ಆ ಹಳೇ ಕನ್ಸೇ ಬರೋ ಹಂಗೆ ಮಾಡಿ ಮೇಡಂ" ಎಂದರು. "ಕಿರುಚ್ಕಂಡು ಎದ್ರೂ ಪರವಾಗಿಲ್ಲ. ಪ್ರೆಸ್ಸು ಬುಟ್ಟು ವಾಚ್‌ಮನ್ ಕೆಲಸಕ್ಕೆ ಹೋಯ್ತೀನಿ, ಅಲ್ಲಿ ಬೆರಳು ಹೋಗೋ ಭಯ ಇಲ್ಲ."

ಎಲ್ಲವನ್ನೂ ಮಾಡಿ ನೋಡಿದೆ. ಮಲಗುವ ಮುನ್ನ ಅವಳ ಫೋಟೋ ನೋಡುವುದು, ಅವಳ ಫ್ರಾಕು ತಲೆದಿಂಬಿನ ಹತ್ತಿರ ಇಡುವುದು, ಬೇಕಾದ ಕನಸನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ನಿದ್ದೆಗೆ ಹೋಗುವುದು. ಪುಸ್ತಕದಲ್ಲಿದ್ದ ಪ್ರತಿಯೊಂದು ಉಪಾಯ. ಗೋಕುಲಂನಿಂದ ಹೋಗಿದ್ದ ಆ ಹೆಣ್ಣುಮಗಳಿಗೆ ಕಾಗದ ಬರೆದು ಇನ್ನೂ ಎರಡು ಪುಸ್ತಕ ತರಿಸಿಕೊಂಡೆ. ಗುರುವಾರಗಳು ಮತ್ತೆ ಶುರುವಾದವು, ಹತ್ತು ತಿಂಗಳು ನಡೆದವು. ಕಾಣದ ಊರಿನವರು, ಸತ್ತ ತಾತ, ಕಾರ್ಖಾನೆಯ ಫೋರ್‌ಮನ್ನು, ಎಲ್ಲರೂ ಅವರ ಕನಸಿಗೆ ಬಂದರು. ಮಗಳೊಬ್ಬಳು ಬರಲಿಲ್ಲ. ಮನಸ್ಸಿನ ಯಾವ ಬಾಗಿಲು ಹೇಗೆ ಮುಚ್ಚಿತು, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ.

ನಡುವೆ ಒಂದು ದಿನ ರಾಜಮ್ಮ ಬಂದರು. ಆಯಮ್ಮನಿಗೆ ನನ್ನ ಮೇಲೆ ಸಿಟ್ಟಿತ್ತು, ಮುಚ್ಚಿಡಲಿಲ್ಲ. "ನಂಗೆ ಒಂದಿನಾನೂ ಅವಳು ಕನ್ಸಲ್ಲಿ ಬರ್ಲಿಲ್ಲ ಮೇಡಂ. ಹೆತ್ತವಳು ನಾನು, ನಂಗೆ ಬರ್ಲಿಲ್ಲ. ಅವ್ರಿಗೆ ಬತ್ತಿದ್ಲು. ಅವ್ರು ಹೇಳೋರು, ನಾನು ಬರ್ಕತ್ತಿದ್ದೆ, ನಾನೂ ನೋಡ್ದಂಗೆ ಆಯ್ತಿತ್ತು. ಹಲ್ಲು ಅಲುಗ್ತಾ ಅದೆ ಅಂದಾಗ ನಗಾಡಿದ್ದೆ ನಾನು. ಈಗ ಇಬ್ರಿಗೂ ಇಲ್ಲ. ನಿಮ್ಗೆ ಮಕ್ಕಳವ್ರಾ?"

ಇದ್ದಾಳೆ ಎಂದೆ. ಹೆಸರು ಹೇಳಲು ಬಾಯಿ ಬರಲಿಲ್ಲ. ಆಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಹೋದರು.

ಗುರುಮಲ್ಲಪ್ಪನವರು ಕೊನೆಯ ಸಲ ಬಂದದ್ದು ಅದೇ ವರ್ಷ ಡಿಸೆಂಬರಿನಲ್ಲಿ. ಇನ್ನು ಬರುವುದಿಲ್ಲ ಎಂದು ಹೇಳಲಿಕ್ಕೆ ಬಂದಿದ್ದರು. ಸುಮ್ಮನೆ ಹೋಗಿಬಿಡುವ ಮನುಷ್ಯರಲ್ಲ. ನಾನು ಆಗ, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ. ಅವಳು ಎಬ್ಬಿಸಿದಾಗ ನೀವು ಏಳಲಿಲ್ಲ ಅಂದಿದ್ದಿರಿ. ಏನಾದರೂ ಮಾತಾಡಿದ್ದಿರಾ? ನನ್ನ ಕೇಸ್ ಶೀಟಿನಲ್ಲಿ ಇದ್ದದ್ದು "ಮಗು ಎಬ್ಬಿಸಿತು, ತಂದೆ ಏಳಲಿಲ್ಲ" ಎಂಬ ಒಂದು ಸಾಲು ಮಾತ್ರ. ಅಷ್ಟು ಸಾಕು ಎಂದುಕೊಂಡಿದ್ದೆ.

ಅವರು ಕಿಟಕಿಯ ಕಡೆ ನೋಡಿದರು.

"ಮೂರು ಸಲ ಎಬ್ಬಿಸಿದ್ಲು. ಮೂರನೇ ಸಲಕ್ಕೆ ಸಿಟ್ಟು ಬಂತು. ಹೋಗು ಅತ್ಲಾಗೆ ಅಂದೆ."

  ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದೆ, ಕೇಳುವ ಯೋಗ್ಯತೆ ನನಗಿರಲಿಲ್ಲ. ಹೋಗಿ ಬಾ ಅನ್ನಲೇ ಎಂದು ಅವರು ಅಂಗಲಾಚಿದ್ದು ಇದಕ್ಕೆ. ಒಂದೂವರೆ ವರ್ಷದಿಂದ ಆ ಒಂದು ಮಾತನ್ನು ನುಂಗಿಕೊಂಡು ಬದುಕಿದ್ದ ಮನುಷ್ಯನ ಬಾಯಿಂದ, ಟ್ರೀಟ್‌ಮೆಂಟು ಅಂತ, ಅದೇ ಮಾತನ್ನು ಅದೇ ಮಗುವಿಗೆ ನಾನು ಇನ್ನೊಮ್ಮೆ ಆಡಿಸಿದ್ದೆ.

"ಮೊದಲ್ನೇ ಸಲ ನಿದ್ದೆಗಣ್ಣಲ್ಲಿ ಅಂದಿದ್ದು ಮೇಡಂ" ಎಂದರು ಅವರು, ಮೆಲ್ಲಗೆ, ಯಾರ ಮೇಲೂ ದೂರಿಲ್ಲದವರಂತೆ. "ಗ್ಯಾನ ಇರ್ಲಿಲ್ಲ, ಅಂದ್ಬುಟ್ಟೆ. ಅದನ್ನ ಹೇಳ್ಕಂಡು ಸಮಾಧಾನ ಮಾಡ್ಕತ್ತಿದ್ದೆ. ಎರಡ್ನೇ ಸಲ ಎಚ್ಚರವಾಗಿದ್ದೇ ಅಂದೆ. ಕೈ ನೋಡ್ಕಂಡು, ಮುಖ ನೋಡ್ಕಂಡು ಅಂದೆ."

ಹದಿನೈದು ವರ್ಷದ ಸರ್ವೀಸಿನಲ್ಲಿ ರೋಗಿಯ ಮುಂದೆ ನಾನು ಅತ್ತದ್ದಿಲ್ಲ. ಆ ದಿನ ಅತ್ತೆ. ತಪ್ಪು ನನ್ನದು, ನಿಮ್ಮದಲ್ಲ ಎಂದೆ. ಅವರೇ ಎದ್ದು ಜಗ್‌ನಿಂದ ನೀರು ಬಗ್ಗಿಸಿ ಲೋಟ ನನ್ನ ಮುಂದಿಟ್ಟರು. "ನೀವು ಒಳ್ಳೇದಕ್ಕೇ ಹೇಳುದ್ರಿ, ಬುಡಿ ಮೇಡಂ" ಅಂದರು. ಮಗಳನ್ನು ಎರಡು ಸಲ ಕಳೆದುಕೊಂಡ ತಂದೆ ನನಗೆ ಸಮಾಧಾನ ಹೇಳುತ್ತಿದ್ದರು. ಇದಕ್ಕಿಂತ ದೊಡ್ಡ ಶಿಕ್ಷೆ ಯಾರೂ ನನಗೆ ಕೊಡಲಾರರು.

ಆಮೇಲೆ ಅವರನ್ನು ನಾನು ನೋಡಲಿಲ್ಲ. 2006ರಲ್ಲಿ ಕಾರ್ಖಾನೆಗೆ ಫೋನ್ ಮಾಡಿ ವಿಚಾರಿಸಿದೆ. ಕೆಲಸಕ್ಕೆ ಸರಿಯಾಗಿ ಬರುತ್ತಾರೆ, ಏನೂ ತೊಂದರೆ ಇಲ್ಲ ಎಂದರು. ಚಿಕಿತ್ಸೆಯ ಲೆಕ್ಕದಲ್ಲಿ ಆ ಕೇಸು ಇವತ್ತಿಗೂ ಯಶಸ್ವಿ.

ಆ ಸಭೆಯಲ್ಲಿ ಓದಿದ ಪ್ರಬಂಧವನ್ನು ನಾನು ಪ್ರಕಟಿಸಲಿಲ್ಲ. ಲೂಸಿಡ್ ಡ್ರೀಮಿಂಗನ್ನು ಆಮೇಲೂ ಕೆಲವರಿಗೆ ಕಲಿಸಿದೆ, ಉಪಯೋಗವೂ ಆಯಿತು. ತಪ್ಪು ಆ ವಿದ್ಯೆಯದ್ದಲ್ಲ. ಆದರೆ ನಿವೃತ್ತಿಯಾಗುವವರೆಗೂ, ನನ್ನ ಕೈಕೆಳಗೆ ಕಲಿತ ಪ್ರತಿಯೊಬ್ಬರಿಗೂ ಒಂದು ಮಾತು ಹೇಳುತ್ತ ಬಂದೆ. ರೋಗಿಯ ಒಂದು ನೋವನ್ನು ತೆಗೆಯುವ ಮೊದಲು, ಆ ನೋವಿನೊಳಗೆ ಯಾರಿದ್ದಾರೆ ಎಂದು ಕೇಳಿ. ಅವರನ್ನು ಬಿಟ್ಟಿರಲು ಈತನಿಗೆ ಇಷ್ಟವಿದೆಯೇ ಎಂದು ಕೇಳಿ. ಕಿರುಚಿಕೊಂಡು ಏಳುವವರೆಲ್ಲ ಆ ಕನಸು ಬೇಡ ಅನ್ನುತ್ತಿದ್ದಾರೆ ಎಂದು ನಿಮಗೆ ಯಾರು ಹೇಳಿದರು?

ಮಗಳು ಬರುವುದಾದರೆ ಗುರುಮಲ್ಲಪ್ಪನವರು ಬದುಕಿರುವವರೆಗೂ ದಿನಾ ಕಿರುಚಿಕೊಂಡೇ ಏಳಲು ಸಿದ್ಧರಿದ್ದರು. ನಾನು ಕೇಳಲಿಲ್ಲ.